ಜೈವಿಕ ಲಿಂಗ ಮತ್ತು ಲಿಂಗತ್ವ ಗುರುತು: ಅರ್ಜಿದಾರರಿಗೆ ಮಾಹಿತಿ

ಜನನ ಪ್ರಮಾಣಪತ್ರದಲ್ಲಿರುವ ಲಿಂಗಕ್ಕೂ ಇತರ ದಾಖಲೆಗಳಲ್ಲಿರುವ ಲಿಂಗಕ್ಕೂ ವ್ಯತ್ಯಾಸವಿರುವ ಕಾರಣ ಕೆಲವು ಅರ್ಜಿದಾರರು ಸೇವೆಗಳನ್ನು ಪಡೆಯಲು ತೊಂದರೆ ಅನುಭವಿಸುತ್ತಾರೆ. ಅಂತಹವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಜೈವಿಕ ಲಿಂಗ
ವರ್ಣತಂತು, ಹಾರ್ಮೋನು ಹಾಗೂ ಜನನಾಂಗಗಳ ರಚನೆಗೆ ಸಂಬಂಧಿಸಿದ ದೈಹಿಕ ಲಕ್ಷಣಗಳ ಸಮೂಹವೇ ಜೈವಿಕ ಲಿಂಗ. ಜನನ ನೋಂದಣಿಯ ಸಂದರ್ಭದಲ್ಲಿ ಸಾಮಾನ್ಯವಾಗಿ ಮಗುವಿನ ಬಾಹ್ಯ ಲಕ್ಷಣಗಳನ್ನು ಆಧರಿಸಿ ಇದನ್ನು ನಮೂದಿಸಲಾಗುತ್ತದೆ. ಕೆಲವರ ದೈಹಿಕ ಲಕ್ಷಣಗಳು ಗಂಡು ಅಥವಾ ಹೆಣ್ಣು ಎಂಬ ವರ್ಗೀಕರಣಕ್ಕೆ ಪೂರ್ಣವಾಗಿ ಹೊಂದುವುದಿಲ್ಲ. ಇವರನ್ನು ಅಂತರಲಿಂಗಿಗಳೆಂದು ಕರೆಯಲಾಗುತ್ತದೆ.

2. ಲಿಂಗತ್ವ ಗುರುತು
ವ್ಯಕ್ತಿಯು ತನ್ನನ್ನು ಪುರುಷ, ಮಹಿಳೆ ಅಥವಾ ಇವೆರಡಕ್ಕೂ ಭಿನ್ನವೆಂದು ಅಂತರಂಗದಲ್ಲಿ ಅರಿತಿರುವುದೇ ಲಿಂಗತ್ವ ಗುರುತು. ಬಹುತೇಕರಲ್ಲಿ ಇದು ಜನನ ದಾಖಲೆಯೊಂದಿಗೆ ಹೊಂದಿಕೆಯಾಗುತ್ತದೆ, ಕೆಲವರಲ್ಲಿ ಆಗುವುದಿಲ್ಲ. ಈ ಭಿನ್ನತೆಯು ಮಾನಸಿಕ ಕಾಯಿಲೆಯಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪರಿಷ್ಕೃತ ರೋಗ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ವಿಭಾಗದಿಂದ ಕೈಬಿಡಲಾಗಿದೆ.

3. ಕಾನೂನಿನ ಹಿನ್ನೆಲೆ
ಅ) ಲಿಂಗತ್ವ ಗುರುತನ್ನು ಸ್ವಯಂ ನಿರ್ಧರಿಸುವ ಹಕ್ಕು ವ್ಯಕ್ತಿಗೆ ಇದೆಯೆಂದೂ, ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವುದು ಕಾನೂನುಬಾಹಿರವೆಂದೂ ಸರ್ವೋಚ್ಚ ನ್ಯಾಯಾಲಯವು ದಿನಾಂಕ 15-04-2014ರಂದು ತೀರ್ಪು ನೀಡಿತು.
ಆ) ಲಿಂಗಪರಿವರ್ತಿತ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಅಧಿನಿಯಮ, 2019 ದಿನಾಂಕ 10-01-2020ರಂದು ಜಾರಿಗೆ ಬಂದಿತು. ಜಿಲ್ಲಾ ದಂಡಾಧಿಕಾರಿಯವರು ನೀಡುವ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಹಾಗೂ ಪ್ರಮಾಣಿತ ಹೇಳಿಕೆ ಸಲ್ಲಿಸುವ ವಿಧಾನವನ್ನು 2020ರ ನಿಯಮಗಳು ನಿಗದಿಪಡಿಸಿದವು.
ಇ) 1969ರ ಜನನ ಮರಣ ನೋಂದಣಿ ಅಧಿನಿಯಮವು ತಪ್ಪು ನಮೂದುಗಳ ತಿದ್ದುಪಡಿಗೆ ಅವಕಾಶ ನೀಡುತ್ತದೆ. ಆದರೆ ಜನನದ ಸಮಯದ ನಮೂದು ಅಂದಿನ ಮಟ್ಟಿಗೆ ತಪ್ಪಲ್ಲವೆಂಬ ಕಾರಣದಿಂದ ಬದಲಾವಣೆಯ ಅರ್ಜಿ ತಿರಸ್ಕೃತವಾದ ಪ್ರಕರಣವು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. 2019ರ ಅಧಿನಿಯಮದಡಿ ಪ್ರಮಾಣಪತ್ರ ಪಡೆದವರಿಗೆ, ಹಿಂದಿನ ಹಾಗೂ ಪರಿಷ್ಕೃತ ಹೆಸರು ಮತ್ತು ಲಿಂಗವೆರಡನ್ನೂ ನಮೂದಿಸಿದ ಜನನ ಪ್ರಮಾಣಪತ್ರ ನೀಡುವಂತೆ ನ್ಯಾಯಾಲಯವು ಡಿಸೆಂಬರ್ 2024ರಲ್ಲಿ ನಿರ್ದೇಶಿಸಿತು.

ಅಂದರೆ, ಹಿಂದಿನ ನಮೂದು ಸುಳ್ಳೆಂದು ಅರ್ಜಿದಾರರು ಸಾಧಿಸಬೇಕಾಗಿಲ್ಲ. ಅದು ಜನನದ ದಿನದ ದಾಖಲೆ ಮಾತ್ರ; ವ್ಯಕ್ತಿಯ ಗುರುತಿನ ಬಗ್ಗೆ ಅಂತಿಮ ನಿರ್ಣಯವಲ್ಲ.

4. ಅರ್ಜಿದಾರರಿಗೆ ಸೂಚನೆಗಳು
• ಮೊದಲು ಗುರುತಿನ ಪ್ರಮಾಣಪತ್ರವನ್ನು ಪಡೆದು, ಅದರ ಆಧಾರದ ಮೇಲೆ ಇತರ ದಾಖಲೆಗಳ ಬದಲಾವಣೆಗೆ ಅರ್ಜಿ ಸಲ್ಲಿಸುವುದು.
• ಹಳೆಯ ಶೈಕ್ಷಣಿಕ ಹಾಗೂ ಇತರ ದಾಖಲೆಗಳನ್ನು ನಾಶಪಡಿಸದೆ ಜೋಪಾನವಾಗಿ ಇರಿಸಿಕೊಳ್ಳುವುದು.
• ಅಪ್ರಾಪ್ತ ವಯಸ್ಕರ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಅರ್ಜಿ ಸಲ್ಲಿಸುವುದು.
• ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಮೂನೆ ಹಾಗೂ ಷರತ್ತುಗಳನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.