ಚಾಮರಾಜನಗರ ಜಿಲ್ಲೆಯಲ್ಲಿ ತಂತ್ರಾಂಶ ಅಭಿವೃದ್ಧಿಯ ವೃತ್ತಿಶಿಕ್ಷಣ

ತಂತ್ರಾಂಶ ಅಭಿವೃದ್ಧಿಯ ವೃತ್ತಿಶಿಕ್ಷಣ ಎಂಬುದು ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿಗಳಿಗೆ ಗಣಕಯಂತ್ರದ ಬಳಕೆ, ಪ್ರೋಗ್ರಾಮಿಂಗ್ ಹಾಗೂ ತಂತ್ರಾಂಶ ರಚನೆಯನ್ನು ಉದ್ಯೋಗದ ದೃಷ್ಟಿಯಿಂದ ಕಲಿಸುವ ಶಿಕ್ಷಣ ವ್ಯವಸ್ಥೆಯಾಗಿದೆ. ಕರ್ನಾಟಕದ ದಕ್ಷಿಣದ ತುದಿಯಲ್ಲಿರುವ ಚಾಮರಾಜನಗರ ಜಿಲ್ಲೆಯ ವಿದ್ಯಾರ್ಥಿಗಳಿಗೆ, ರಾಜ್ಯದ ಇತರ ಭಾಗಗಳಲ್ಲಿರುವಂತೆಯೇ, ಇದಕ್ಕೆ ಎರಡು ಮುಖ್ಯ ದಾರಿಗಳಿವೆ. ಒಂದು, ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐಟಿಐ) ನೀಡಲಾಗುವ ಒಂದು ವರ್ಷದ ‘ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್’ ತರಬೇತಿ. ಇದನ್ನು ಸಂಕ್ಷಿಪ್ತವಾಗಿ ‘ಕೋಪಾ’ ಎನ್ನುತ್ತಾರೆ. ಇನ್ನೊಂದು, ಪಾಲಿಟೆಕ್ನಿಕ್‌ಗಳಲ್ಲಿ ನೀಡಲಾಗುವ ಮೂರು ವರ್ಷಗಳ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ. ಎರಡರ ಹೆಸರಿನಲ್ಲಿಯೂ ‘ಕಂಪ್ಯೂಟರ್’ ಇರುವುದರಿಂದ ಇವು ಒಂದೇ ಬಗೆಯವೆಂದು ಪೋಷಕರು ಭಾವಿಸುವುದುಂಟು. ಆದರೆ ಕಲಿಕೆಯ ಆಳ, ಮುಂದಿನ ವಿದ್ಯಾಭ್ಯಾಸದ ಅವಕಾಶ ಮತ್ತು ದೊರೆಯುವ ಕೆಲಸ ಈ ಮೂರರಲ್ಲಿಯೂ ಅವು ಬೇರೆ ಬೇರೆಯಾಗಿವೆ.

ಹಿನ್ನೆಲೆ

ಚಾಮರಾಜನಗರವು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಮೊದಲು, ನಂತರ ಬಹುಕಾಲದವರೆಗೂ, ಇಲ್ಲಿನ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಮೈಸೂರನ್ನೇ ಅವಲಂಬಿಸಿದ್ದರು. ಜಿಲ್ಲಾ ಕೇಂದ್ರದಿಂದ ಮೈಸೂರಿಗೆ ರೈಲು ಮಾರ್ಗವಿದೆ. ಗುಂಡ್ಲುಪೇಟೆಯಿಂದಲೂ ಮೈಸೂರಿಗೆ ಸುಮಾರು 60 ಕಿ.ಮೀ. ದೂರವೇ ಆದರೂ ಆ ಪಟ್ಟಣಕ್ಕೆ ರೈಲು ಇಲ್ಲದಿರುವುದರಿಂದ ವಿದ್ಯಾರ್ಥಿಗಳು ಬಸ್ಸನ್ನೇ ನಂಬಬೇಕು. ಪ್ರಯೋಗಾಲಯದ ತರಗತಿಗಳು ಸಂಜೆಯವರೆಗೆ ನಡೆಯುವ ಇಂಥ ಶಿಕ್ಷಣದಲ್ಲಿ ಊರಿಗೆ ಹೋಗುವ ಕೊನೆಯ ಬಸ್ಸಿನ ವೇಳೆಯೂ ಒಂದು ಮುಖ್ಯ ಸಂಗತಿಯಾಗುತ್ತದೆ.

ಈಗ ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2007ರಲ್ಲಿ ಆರಂಭವಾಯಿತು. ಗುಂಡ್ಲುಪೇಟೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ.

ಐಟಿಐ ತರಬೇತಿ

ಕೋಪಾ ತರಬೇತಿಯ ಪಠ್ಯಕ್ರಮವನ್ನು ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯವು ರೂಪಿಸುತ್ತದೆ. ಆದ್ದರಿಂದ ಗುಂಡ್ಲುಪೇಟೆಯಲ್ಲಿ ಕಲಿತರೂ ಗೋರಖ್‌ಪುರದಲ್ಲಿ ಕಲಿತರೂ ಪಾಠ ಮತ್ತು ಪ್ರಮಾಣಪತ್ರ ಒಂದೇ. ಗಣಕಯಂತ್ರದ ಬಿಡಿಭಾಗಗಳ ಪರಿಚಯ, ಕಾರ್ಯಾಚರಣಾ ವ್ಯವಸ್ಥೆ, ಪತ್ರ ಹಾಗೂ ಲೆಕ್ಕಪಟ್ಟಿಗಳ ತಯಾರಿ, ದತ್ತಸಂಚಯ, ಜಾಲಪುಟಗಳ ರಚನೆ, ಜಾವಾಸ್ಕ್ರಿಪ್ಟ್, ಲೆಕ್ಕಪತ್ರ ತಂತ್ರಾಂಶದ ಬಳಕೆ ಇತ್ಯಾದಿಗಳು ಇದರಲ್ಲಿ ಸೇರಿವೆ. ಪ್ರೋಗ್ರಾಮಿಂಗ್ ಇದರ ಒಂದು ಭಾಗ ಮಾತ್ರ. ಹೆಸರಿನಲ್ಲಿರುವ ‘ಅಸಿಸ್ಟೆಂಟ್’ ಎಂಬ ಪದವನ್ನು ಗಮನಿಸಿದರೆ ತರಬೇತಿಯ ಗುರಿ ಸ್ಪಷ್ಟವಾಗುತ್ತದೆ.

ತೇರ್ಗಡೆಯಾದವರು 1961ರ ಶಿಶಿಕ್ಷು ಕಾಯಿದೆಯ ಅಡಿಯಲ್ಲಿ ಅಪ್ರೆಂಟಿಸ್ ತರಬೇತಿಗೆ ಸೇರಬಹುದು. ಗ್ರಾಮ ಒನ್ ಕೇಂದ್ರ, ಸಹಕಾರ ಸಂಘ, ಲೆಕ್ಕಪರಿಶೋಧಕರ ಕಚೇರಿ, ಖಾಸಗಿ ಶಾಲೆ ಮುಂತಾದೆಡೆ ಗಣಕಯಂತ್ರದ ಕೆಲಸಕ್ಕೆ ಈ ಕಲಿಕೆ ಒದಗುತ್ತದೆ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳು ಗಣಕೀಕರಣಗೊಂಡ ಮೇಲೆ ತಾಲ್ಲೂಕು ಮತ್ತು ಹೋಬಳಿ ಮಟ್ಟದಲ್ಲಿಯೂ ಇಂಥ ಕೆಲಸ ಬಲ್ಲವರ ಅಗತ್ಯ ಹೆಚ್ಚಿತು.

ಸೇರುವ ಮೊದಲೇ ತಿಳಿದಿರಬೇಕಾದ ಒಂದು ನಿಯಮವಿದೆ. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ ದೊರೆಯಬೇಕಾದರೆ ಅವರು ಎಸ್ಸೆಸ್ಸೆಲ್ಸಿಯ ನಂತರ ಎರಡು ವರ್ಷಗಳ ಐಟಿಐ ತರಬೇತಿ ಪಡೆದಿರಬೇಕು. ಕೋಪಾ ಒಂದು ವರ್ಷದ್ದಾದುದರಿಂದ ಅದೊಂದನ್ನೇ ಆಧರಿಸಿ ಈ ಅವಕಾಶ ಸಿಗುವುದಿಲ್ಲ. ಮುಂದೆ ಇಂಜಿನಿಯರ್ ಆಗಬೇಕೆಂಬ ಹಂಬಲದಿಂದ ಕೋಪಾಕ್ಕೆ ಸೇರಿದವರು ಡಿಪ್ಲೊಮಾವನ್ನು ಮೊದಲ ವರ್ಷದಿಂದಲೇ ಆರಂಭಿಸಬೇಕಾಗುತ್ತದೆ. ಬಡ ಕುಟುಂಬದ ವಿದ್ಯಾರ್ಥಿಗೆ ಒಂದು ವರ್ಷ ಸಣ್ಣ ನಷ್ಟವೇನಲ್ಲ.

ಡಿಪ್ಲೊಮಾ

ಪಾಲಿಟೆಕ್ನಿಕ್ ಶಿಕ್ಷಣವು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯೊಂದಿಗೆ ಆರು ಸೆಮಿಸ್ಟರ್‌ಗಳಲ್ಲಿ ನಡೆಯುತ್ತದೆ. ರಾಜ್ಯದಲ್ಲಿ 2020-21ರಿಂದ ಜಾರಿಗೆ ಬಂದ ‘ಸಿ-20’ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಮೂರನೆಯ ಸೆಮಿಸ್ಟರ್‌ನಲ್ಲಿ ಪೈಥಾನ್, ಕಂಪ್ಯೂಟರ್ ಜಾಲ ಮತ್ತು ದತ್ತಸಂಚಯಗಳನ್ನೂ, ನಾಲ್ಕನೆಯದರಲ್ಲಿ ದತ್ತಾಂಶ ವಿನ್ಯಾಸಗಳು, ಕಾರ್ಯಾಚರಣಾ ವ್ಯವಸ್ಥೆ, ಜಾವಾ ಹಾಗೂ ಸಾಫ್ಟ್‌ವೇರ್ ಇಂಜಿನಿಯರಿಂಗ್ ತತ್ತ್ವಗಳನ್ನೂ ಕಲಿಯುವಂತೆ ಯೋಜಿಸಲಾಯಿತು. ಐದನೆಯ ಸೆಮಿಸ್ಟರ್‌ನಲ್ಲಿ ಫುಲ್ ಸ್ಟಾಕ್ ಅಭಿವೃದ್ಧಿ, ಕೃತಕ ಬುದ್ಧಿಮತ್ತೆ, ಸೈಬರ್ ಭದ್ರತೆ ಮುಂತಾದವುಗಳಲ್ಲಿ ಒಂದನ್ನು ಆರಿಸಿಕೊಂಡು, ಕೊನೆಯ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಅಥವಾ ಯೋಜನಾ ಕಾರ್ಯ ಮಾಡಬೇಕಾಗಿತ್ತು. ಡಿಪ್ಲೊಮಾ ಪಡೆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿಸಿಇಟಿ ಬರೆದು ಬಿ.ಇ. ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದು. ಗ್ರಾಮೀಣ ವಿದ್ಯಾರ್ಥಿಗಳು ಪಿಯುಸಿ ವಿಜ್ಞಾನದ ಬದಲು ಈ ದಾರಿಯನ್ನು ಆರಿಸಿಕೊಳ್ಳಲು ಇದು ಒಂದು ಪ್ರಮುಖ ಕಾರಣವಾಗಿದೆ.

ಭಾಷೆಯ ತೊಡಕು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರ್ ಕಠಿಣವಾಗಿ ತೋರುವುದಕ್ಕೆ ತರ್ಕಕ್ಕಿಂತ ಇಂಗ್ಲಿಷ್ ಹೆಚ್ಚಾಗಿ ಕಾರಣ. ಪ್ರೋಗ್ರಾಮಿಂಗ್ ಭಾಷೆಯ ಮೂಲ ಪದಗಳು ಕೆಲವು ಡಜನ್ ಮಾತ್ರ. ಪೈಥಾನ್‌ನಲ್ಲಿ ಅವು ನಲವತ್ತಕ್ಕಿಂತಲೂ ಕಡಿಮೆ. ಅವನ್ನು ಒಂದು ವಾರದಲ್ಲಿ ಕಲಿಯಬಹುದು. ನಿಜವಾದ ಕಷ್ಟವಿರುವುದು ಪಠ್ಯಪುಸ್ತಕದ ವಿವರಣೆಯಲ್ಲಿ ಮತ್ತು ಪ್ರೋಗ್ರಾಂ ತಪ್ಪಿದಾಗ ಪರದೆಯ ಮೇಲೆ ಮೂಡುವ ದೋಷಸಂದೇಶಗಳಲ್ಲಿ. ದೋಷ ಯಾವ ಸಾಲಿನಲ್ಲಿದೆ, ಯಾವ ಬಗೆಯದು ಎಂಬುದನ್ನು ಆ ಸಂದೇಶವೇ ಹೇಳುತ್ತದೆ. ಅದನ್ನು ಓದಲಾಗದವರು ಪ್ರಯೋಗಾಲಯದ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಹೀಗೆ ಅಂಕ ಪಡೆದವರು ಉದ್ಯೋಗದ ಸಂದರ್ಶನದಲ್ಲಿ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಿದರೂ ತಡವರಿಸುವುದು ಅಚ್ಚರಿಯಲ್ಲ. ಪಾಠವನ್ನು ಕನ್ನಡದಲ್ಲಿ ವಿವರಿಸಿ, ದೋಷಸಂದೇಶವನ್ನು ಇಂಗ್ಲಿಷಿನಲ್ಲಿಯೇ ಓದಿಸಿ ಅರ್ಥ ಹೇಳಿಸುವ ಕ್ರಮ ಇಂಥ ತರಗತಿಗಳಿಗೆ ಹೆಚ್ಚು ಹೊಂದುತ್ತದೆ. ತಾಂತ್ರಿಕ ಶಿಕ್ಷಣ ಪರಿಷತ್ತು ಡಿಪ್ಲೊಮಾ ಪಠ್ಯಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡಿದೆ.

ಪ್ರೋಗ್ರಾಮಿಂಗ್‌ನಲ್ಲಿ ಕನ್ನಡ

ಗಣಕಯಂತ್ರವು ಕನ್ನಡ ಲಿಪಿಯನ್ನು ಹೇಗೆ ಸಂಗ್ರಹಿಸುತ್ತದೆ ಎಂಬುದು ಸ್ವತಃ ಒಂದು ಉತ್ತಮ ಪಾಠ. ‘ಗುಂಡ್ಲುಪೇಟೆ’ ಎಂಬ ಪದದಲ್ಲಿ ಕನ್ನಡಿಗರು ಎಣಿಸುವುದು ಗುಂ, ಡ್ಲು, ಪೇ, ಟೆ ಎಂಬ ನಾಲ್ಕು ಅಕ್ಷರಗಳನ್ನು. ಪೈಥಾನ್‌ನಲ್ಲಿ ಇದೇ ಪದದ ಉದ್ದವನ್ನು ಕೇಳಿದರೆ ಬರುವ ಉತ್ತರ 11. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ ಎಲ್ಲಕ್ಕೂ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತವಿರುವುದೇ ಇದಕ್ಕೆ ಕಾರಣ. ‘ಚಾಮರಾಜನಗರ’ದಲ್ಲಿ ಒತ್ತಕ್ಷರವಿಲ್ಲ; ಅಲ್ಲಿ ಏಳು ಅಕ್ಷರಗಳಿಗೆ ಒಂಬತ್ತು ಸಂಕೇತಗಳು. ಕನ್ನಡ ವ್ಯಾಕರಣದ ಗುಣಿತಾಕ್ಷರ, ಸಂಯುಕ್ತಾಕ್ಷರಗಳನ್ನು ಬಲ್ಲ ವಿದ್ಯಾರ್ಥಿಗೆ ಇದು ಬೇಗನೆ ಅರ್ಥವಾಗುತ್ತದೆ.

ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿ ಚರಾಂಶಗಳಿಗೆ ಕನ್ನಡ ಹೆಸರುಗಳನ್ನೇ ಇಡಬಹುದು. ಹಾಲಿನ ಡೇರಿಯ ಲೆಕ್ಕ ಬರೆಯುವವರು ‘ಲೀಟರ್’, ‘ದರ’, ‘ಮೊತ್ತ’ ಎಂದು ಹೆಸರಿಸಿ, ಮೊದಲೆರಡನ್ನು ಗುಣಿಸಿ ಮೂರನೆಯದಕ್ಕೆ ಕೊಟ್ಟರೆ ಪ್ರೋಗ್ರಾಂ ಸರಿಯಾಗಿಯೇ ನಡೆಯುತ್ತದೆ. ಆದರೆ ‘ರಾಜ್‌ಕುಮಾರ್’ ಎಂಬಂಥ ಹೆಸರನ್ನಿಟ್ಟರೆ ದೋಷ ಬರುತ್ತದೆ. ಅಲ್ಲಿ ‘ಜ್’ ಮತ್ತು ‘ಕು’ ಕೂಡಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಪೈಥಾನ್ ಅದನ್ನು ಹೆಸರಿನ ಭಾಗವಾಗಿ ಒಪ್ಪುವುದಿಲ್ಲ. ಉದ್ಯೋಗದಲ್ಲಿ ಇಂಗ್ಲಿಷ್ ಹೆಸರುಗಳೇ ರೂಢಿಯಾದರೂ ಕಲಿಕೆಯ ಆರಂಭದಲ್ಲಿ ಕನ್ನಡದ ಹೆಸರುಗಳು ತರ್ಕದ ಕಡೆಗೆ ಗಮನ ಉಳಿಯಲು ನೆರವಾಗುತ್ತವೆ.

ಕಚೇರಿಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಕಡತಗಳು ಇನ್ನೂ ಬಳಕೆಯಲ್ಲಿವೆ. ಅವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳಿಗಾಗಿ ಮೀಸಲಾದ ಸಂಕೇತಗಳಲ್ಲಿರುತ್ತವೆ. ಅಂಥವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಹುಡುಕುವುದಾಗಲಿ ಅಕಾರಾದಿಯಾಗಿ ಜೋಡಿಸುವುದಾಗಲಿ ಸುಲಭವಲ್ಲ. ಈ ಪರಿವರ್ತನೆಯ ಪ್ರೋಗ್ರಾಂ ಬರೆಯುವುದು ಡಿಪ್ಲೊಮಾ ವಿದ್ಯಾರ್ಥಿಗಳ ಯೋಜನಾ ಕಾರ್ಯಕ್ಕೆ ತಕ್ಕ ವಿಷಯ.

ಉದ್ಯೋಗ ಮತ್ತು ವಲಸೆ

ಜಿಲ್ಲೆಯ ಬದುಕು ಮುಖ್ಯವಾಗಿ ಕೃಷಿಯನ್ನು ಆಧರಿಸಿದೆ. ಅರಿಸಿನ, ಬಾಳೆ, ಸೂರ್ಯಕಾಂತಿ, ಚೆಂಡುಹೂವುಗಳ ಜೊತೆಗೆ ಕರಿಕಲ್ಲಿನ ಗಣಿಗಾರಿಕೆ ಮತ್ತು ಬಂಡೀಪುರದ ಸುತ್ತಣ ಪ್ರವಾಸೋದ್ಯಮವೂ ಇದೆ. ತಂತ್ರಾಂಶ ಉದ್ಯಮವಾದರೋ ಮೈಸೂರು, ಬೆಂಗಳೂರುಗಳಲ್ಲಿ ಕೇಂದ್ರೀಕೃತವಾಗಿದೆ. ಹಾಗಾಗಿ ಪ್ರೋಗ್ರಾಮಿಂಗ್ ಕಲಿತವರು ಕಲಿತ ಕೆಲಸವನ್ನೇ ಮಾಡಬೇಕಾದರೆ ಸಾಮಾನ್ಯವಾಗಿ ಊರು ಬಿಡಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯನ್ನು ಮನೆಯವರು ಪ್ರವೇಶಾತಿಯ ಸಮಯದಲ್ಲಿಯೇ ಎತ್ತುತ್ತಾರೆ. ಹಾಸ್ಟೆಲ್ ಸೌಲಭ್ಯ ಹಾಗೂ ವಿದ್ಯಾರ್ಥಿವೇತನಗಳ ಮಾಹಿತಿ ಆ ಹೊತ್ತಿಗೆ ಕೈಯಲ್ಲಿದ್ದರೆ ಎಷ್ಟೋ ಸಲ ತೀರ್ಮಾನ ಬದಲಾಗುತ್ತದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಗಳು ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಪಾಲಿಟೆಕ್ನಿಕ್ ಮತ್ತು ಐಟಿಐ ವಿದ್ಯಾರ್ಥಿಗಳೂ ಅವುಗಳಿಗೆ ಅರ್ಜಿ ಸಲ್ಲಿಸಬಹುದು.