ಮರವಾದ ಮೇಲೂ ಬಗ್ಗುವವರು: ವಯಸ್ಕರ ಮೌಲ್ಯಗಳ ಅಧ್ಯಯನ ಸಾಗಿ ಬಂದ ದಾರಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಮ್ಮ ಶಿಕ್ಷಣ ಕ್ಷೇತ್ರ ಶಾಸ್ತ್ರವಾಕ್ಯವೆಂದೇ ನಂಬಿಕೊಂಡಿದೆ. ಮೌಲ್ಯ ಶಿಕ್ಷಣವೆಂದರೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ನೀತಿಕಥೆ ಹೇಳುವುದು ಎಂದಾಗಿಹೋಗಿದೆ. ಇತ್ತ ಪುಣೆಯ ಹಿಂಜವಡಿಯ ಐಟಿ ಕಂಪನಿಗಳ ತರಬೇತಿ ಕೋಣೆಗಳಲ್ಲಿ ಇನ್ನೊಂದು ಮಾತು ಚಲಾವಣೆಯಲ್ಲಿದೆ: ಹುಟ್ಟಿದ ಇಸವಿ ಹೇಳಿದರೆ ಸಾಕು, ಆ ತಲೆಮಾರಿನವರ ಮೌಲ್ಯಗಳನ್ನೆಲ್ಲ ಒಂದು ಸ್ಲೈಡಿನಲ್ಲಿ ತೋರಿಸುತ್ತಾರೆ. ಎರಡೂ ಎಡವುವುದು ಒಂದೇ ಕಲ್ಲಿಗೆ. ಇಪ್ಪತ್ತೈದರಿಂದ ಎಪ್ಪತ್ತೈದರವರೆಗಿನ ಐವತ್ತು ವರ್ಷಗಳಲ್ಲಿ ಮನುಷ್ಯನೊಳಗೆ ಏನೂ ನಡೆಯುವುದಿಲ್ಲ ಎಂದು ಎರಡೂ ಒಪ್ಪಿಕೊಂಡಿವೆ. ಈ ಊರಿನಲ್ಲೇ ಈ ವಿಷಯ ಕಲಿತು, ಕಲಿಸಿ ಮುದುಕನಾದ ನನಗೆ ಇದನ್ನು ಕೇಳಿಕೊಂಡು ಸುಮ್ಮನಿರಲು ಆಗದು.

ಆರಂಭದ ಕಥೆ ಚಿಕ್ಕದು. ಜರ್ಮನಿಯ ಎಡ್ವರ್ಡ್ ಶ್ಪ್ರಾಂಗರ್ 1914ರಲ್ಲಿ ಮನುಷ್ಯರನ್ನು ಅವರು ಅತಿಯಾಗಿ ಬೆಲೆಕೊಡುವ ಸಂಗತಿಯ ಮೇಲೆ ಆರು ಬಗೆಯಾಗಿ ವಿಂಗಡಿಸಿದ. ಆಲ್‌ಪೋರ್ಟ್ ಮತ್ತು ವರ್ನನ್ 1931ರಲ್ಲಿ ಅದನ್ನೇ ಪ್ರಶ್ನಾವಳಿಯಾಗಿಸಿದರು. ಲೊವೆಲ್ ಕೆಲ್ಲಿ ಮೂವತ್ತರ ದಶಕದಲ್ಲಿ ಮದುವೆ ನಿಶ್ಚಯವಾಗಿದ್ದ ಮುನ್ನೂರು ಜೋಡಿಗಳನ್ನು ಪರೀಕ್ಷಿಸಿ, ಸುಮಾರು ಇಪ್ಪತ್ತು ವರ್ಷಗಳ ನಂತರ ಮತ್ತೆ ಹುಡುಕಿಕೊಂಡು ಹೋದ. ಮೌಲ್ಯಗಳು ಉಳಿದ ಗುಣಗಳಿಗಿಂತ ಗಟ್ಟಿಯಾಗಿ ನಿಂತಿವೆ ಎಂದು 1955ರಲ್ಲಿ ಬರೆದ. ಪಠ್ಯಪುಸ್ತಕಗಳು ಹಿಡಿದದ್ದು ಇದೊಂದೇ ಸಾಲನ್ನು. ಹಲವರು ಬದಲಾಗಿದ್ದರು, ಧಾರ್ಮಿಕ ಒಲವು ಹೆಚ್ಚಿತ್ತು ಎಂಬುದೂ ಅದೇ ವರದಿಯಲ್ಲಿತ್ತು; ಅದನ್ನು ಯಾರೂ ಓದಿಸಲಿಲ್ಲ.

ಪುಣೆ ವಿಶ್ವವಿದ್ಯಾಲಯದಲ್ಲಿ ವಿ. ಕೆ. ಕೋಠೂರಕರ್ 1950ರಲ್ಲಿ ಪ್ರಾಯೋಗಿಕ ಮನೋವಿಜ್ಞಾನ ವಿಭಾಗ ಕಟ್ಟಿದರು. ಅದು ಪ್ರಯೋಗಾಲಯದ ಶಿಸ್ತು. ಆ ಶಿಸ್ತಿಲ್ಲದೆ ನಾವು ಯಾರೂ ಇಲ್ಲ. ಆದರೆ ಜೀವನದ ನಡುವಯಸ್ಸು ಪ್ರಯೋಗಾಲಯಕ್ಕೆ ಬರುವುದಿಲ್ಲ, ಬರುವವರು ಹತ್ತೊಂಬತ್ತರ ವಿದ್ಯಾರ್ಥಿಗಳು. ಮೈಸೂರಿನ ಎಂ. ಹಿರಿಯಣ್ಣನವರು ಭಾರತೀಯ ಮೌಲ್ಯವಿಚಾರ ಕುರಿತು ಬರೆದದ್ದು ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ, 1975ರಲ್ಲಿ, ಪುಸ್ತಕವಾಗಿ ಬಂತು. ಅದು ತತ್ತ್ವಶಾಸ್ತ್ರದ ಕಪಾಟಿನಲ್ಲೇ ಉಳಿಯಿತು.

ನಮ್ಮ ತಲೆಮಾರಿನವರ ಕೈಗೆ ಸಿಕ್ಕಿದ್ದು ಮಿಲ್ಟನ್ ರೊಕೀಚ್‌ನ 1973ರ ಪುಸ್ತಕ: ಗುರಿಯ ಮೌಲ್ಯ ಹದಿನೆಂಟು, ನಡೆಯ ಮೌಲ್ಯ ಹದಿನೆಂಟು. ಪ್ರತಿಯೊಂದೂ ಒಂದೊಂದು ಅಂಟುಚೀಟಿಯ ಮೇಲೆ. ಮನಸ್ಸು ಬದಲಾದರೆ ಕಿತ್ತು ಬೇರೆ ಕಡೆ ಅಂಟಿಸಬಹುದು. ಅವನ್ನು ಹಿಡಿದುಕೊಂಡು ನಾವು ಮನೆಮನೆ ತಿರುಗಿದೆವು. ಸದಾಶಿವ ಪೇಠೆಯ ಒಂದು ಮನೆಯಲ್ಲಿ, ಧಾರವಾಡದಿಂದ ಸೊಸೆಯಾಗಿ ಬಂದು ಆಗ ಅರವತ್ತರ ಹತ್ತಿರವಿದ್ದ ಒಬ್ಬ ತಾಯಿ ‘ಸ್ವಾತಂತ್ರ್ಯ’ ಮತ್ತು ‘ಕುಟುಂಬದ ಭದ್ರತೆ’ ಎಂಬ ಎರಡು ಚೀಟಿಗಳನ್ನು ಕೈಯಲ್ಲೇ ಹಿಡಿದು ಕೂತರು. ಉಳಿದ ಹದಿನಾರೂ ಹಾಳೆಗೆ ಅಂಟಿಯಾಗಿತ್ತು. “ಯಾವುದು ಮ್ಯಾಲೆ ಅಂತ ಕೇಳ್ತೀರಲ್ಲ ಸರ, ಯಾವ ವಯಸ್ಸಿನಾಗಿಂದು ಹೇಳ್ರಿ. ಲಗ್ನ ಆದಾಗಿಂದೋ, ಮಾವನೋರು ಹೋದ ಮ್ಯಾಲಿಂದೋ?” ಎಂದರು. ರೊಕೀಚ್‌ನ ಹಾಳೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯುತ್ತಮ ವಿಮರ್ಶೆ ಅದೇ.

ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಪಂಥ ಎರಿಕ್ ಎರಿಕ್‌ಸನ್‌ನದು. ಬೆಳವಣಿಗೆ ಹರೆಯಕ್ಕೇ ನಿಲ್ಲುವುದಿಲ್ಲ; ನಡುವಯಸ್ಸಿಗೆ ಮುಂದಿನವರನ್ನು ಪೊರೆಯುವ ಹೊಣೆಯೂ, ಮುಪ್ಪಿಗೆ ಬಾಳನ್ನು ಒಟ್ಟಾಗಿ ಒಪ್ಪಿಕೊಳ್ಳುವ ಕೆಲಸವೂ ಕಾದಿರುತ್ತವೆ ಎಂದು ಆತ 1950ರಲ್ಲೇ ಹೇಳಿದ್ದ. 1969ರಲ್ಲಿ ಗಾಂಧೀಜಿಯವರ ಮೇಲೆ ಬರೆದಾಗ ಅವನು ಆರಿಸಿಕೊಂಡದ್ದು 1918ರ ಅಹಮದಾಬಾದ್ ಗಿರಣಿ ಮುಷ್ಕರವನ್ನು, ಅಂದರೆ ನಲವತ್ತೆಂಟರ ಗಾಂಧಿಯನ್ನು. ಎರಿಕ್‌ಸನ್ ಜೊತೆ ಹಾರ್ವರ್ಡ್‌ನಲ್ಲಿ ದುಡಿದ ಸುಧೀರ್ ಕಕ್ಕರ್ 1978ರ ತಮ್ಮ ಪುಸ್ತಕದಲ್ಲಿ ಈ ಹಂತಗಳನ್ನು ನಮ್ಮ ಆಶ್ರಮ ಕಲ್ಪನೆಯ ಪಕ್ಕ ಇಟ್ಟು ನೋಡಿದರು. ಆದರೆ ಎರಿಕ್‌ಸನ್ ಯರವಡಾಕ್ಕೆ ಇನ್ನಷ್ಟು ಗಮನ ಕೊಡಬೇಕಿತ್ತು. 1933ರ ಫೆಬ್ರವರಿಯಲ್ಲಿ ‘ಹರಿಜನ’ ಪತ್ರಿಕೆ ಪುಣೆಯಿಂದ ಹೊರಟಿತು, ಗಾಂಧೀಜಿ ಯರವಡಾ ಜೈಲಿನೊಳಗಿದ್ದರು. ಏಪ್ರಿಲ್‌ನಲ್ಲಿ ಅದರಲ್ಲೇ ಬರೆದರು: ನನ್ನ ಎರಡು ಬರಹಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ನಂತರದ್ದನ್ನೇ ಆರಿಸಿಕೊಳ್ಳಿ ಎಂಬುದು ಅದರ ಭಾವ. ಐವತ್ತರ ಆಸುಪಾಸಿನಲ್ಲಿ ಜಾತಿಗಳ ನಡುವಿನ ಮದುವೆ, ಸಹಭೋಜನದ ನಿಷೇಧವನ್ನು ಸಮರ್ಥಿಸಿದ್ದವರು, ಎಪ್ಪತ್ತಾರರ ಹೊತ್ತಿಗೆ ವಧೂವರರಲ್ಲಿ ಒಬ್ಬರಾದರೂ ಹರಿಜನರಾಗಿಲ್ಲದಿದ್ದರೆ ಸೇವಾಗ್ರಾಮದಲ್ಲಿ ಮದುವೆಯೇ ಇಲ್ಲ ಎಂದರು. ವಯಸ್ಕ ಮೌಲ್ಯಗಳ ಬೆಳವಣಿಗೆಗೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕೆ?

ದಾಖಲೆಗೆ ಪುಣೆಯಲ್ಲಿ ಬರವೂ ಇಲ್ಲ. ಪಂಡಿತಾ ರಮಾಬಾಯಿ ಮತ್ತು ಧೋಂಡೋ ಕೇಶವ ಕರ್ವೆ ಇಬ್ಬರೂ 1858ರ ಏಪ್ರಿಲ್‌ನಲ್ಲಿ, ಐದು ದಿನಗಳ ಅಂತರದಲ್ಲಿ ಹುಟ್ಟಿದವರು. ರಮಾಬಾಯಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಪಂಡಿತರಿಗೆ ಉತ್ತರ ಹೇಳಬೇಕಾಗಿ ಬಂದವರು. ಶಾಸ್ತ್ರ ಕಂಠಪಾಠ ಮಾಡಿದ ಆ ಮಗಳು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದಳು. ಆ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿಯನ್ನು ಕರ್ವೆ 1893ರಲ್ಲಿ ಮದುವೆಯಾಗಿ, ತಮ್ಮ ಊರಾದ ಮುರುಡಿನವರಿಂದ ಬಹಿಷ್ಕಾರ ಹಾಕಿಸಿಕೊಂಡರು. 1896ರಲ್ಲಿ ವಿಧವೆಯರ ಆಶ್ರಮ, 58ನೇ ವಯಸ್ಸಿನಲ್ಲಿ ಮಹಿಳಾ ವಿಶ್ವವಿದ್ಯಾಲಯ. 1944ರಲ್ಲಿ, ಎಂಬತ್ತೈದು ದಾಟಿದ ಮೇಲೆ, ಜಾತಿಭೇದದ ವಿರುದ್ಧ ಸಮತಾ ಸಂಘ. ವಿಧವೆಯ ಮರುಮದುವೆಯಿಂದ ಎಲ್ಲ ಹೆಂಗಸರ ಓದಿಗೆ, ಅಲ್ಲಿಂದ ಎಲ್ಲ ಮನುಷ್ಯರ ಸಮಾನತೆಗೆ, ಅವರ ಕಾಳಜಿಯ ವರ್ತುಲ ದಶಕದಿಂದ ದಶಕಕ್ಕೆ ಹಿಗ್ಗಿತು. ಕರ್ವೆಯವರೂ ಗೋದೂಬಾಯಿಯವರೂ ಇಬ್ಬರೂ ಆತ್ಮಚರಿತ್ರೆ ಬರೆದಿದ್ದಾರೆ. ಒಂದೇ ದಾಂಪತ್ಯದ ಎರಡು ದಾಖಲೆಗಳನ್ನು ಮನೋವಿಜ್ಞಾನಿಗಳು ಎದುರುಬದುರು ಇಟ್ಟು ಓದಬೇಕಿತ್ತು, ಸಾಹಿತ್ಯದವರಿಗೆ ಬಿಟ್ಟುಕೊಟ್ಟೆವು.

ಮತ್ತೆ ಮನೋವಿಜ್ಞಾನಕ್ಕೆ ಬರೋಣ. ಅಮೆರಿಕದ ಮನೋವಿಜ್ಞಾನಿ ಜೋನ್ ಮಿಲ್ಲರ್ ಮೈಸೂರಿಗೆ ಬಂದರು. ಪರಿಚಿತರೊಬ್ಬರು ಮಾಡಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರೆಂದು ವಿವರಿಸಿ ಎಂದು ಮೈಸೂರಿನವರನ್ನೂ ಷಿಕಾಗೋದವರನ್ನೂ ಕೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ದೊಡ್ಡವರಲ್ಲಿ ಅಮೆರಿಕದವರು ವ್ಯಕ್ತಿಯ ಸ್ವಭಾವಕ್ಕೂ ಮೈಸೂರಿನವರು ಸಂದರ್ಭ, ಸಂಬಂಧಗಳಿಗೂ ಕೈತೋರಿದರು. 1984ರ ಈ ಅಧ್ಯಯನ ಕಾರಣ ಹೇಳುವ ರೀತಿಯನ್ನು ಕುರಿತದ್ದು, ನೇರವಾಗಿ ಮೌಲ್ಯಗಳನ್ನಲ್ಲ. ಆದರೂ ಬಾಲ್ಯದಲ್ಲೇ ಎಲ್ಲ ಮುಗಿಯುತ್ತದೆ ಎನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ತೊಂಬತ್ತರ ದಶಕದಿಂದ ಶಾಲೊಮ್ ಶ್ವಾರ್ಟ್ಸ್‌ನ ಹತ್ತು ಮೌಲ್ಯಗಳ ಚಕ್ರವೇ ಎಲ್ಲೆಡೆ. ಅಚ್ಚುಕಟ್ಟಾದ ಕೆಲಸ, ಅನುಮಾನವಿಲ್ಲ. ವಯಸ್ಸಾದವರು ಸಂಪ್ರದಾಯ, ಭದ್ರತೆಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ ಎಂದು ಆ ಸಮೀಕ್ಷೆಗಳು ಹೇಳಿದ್ದೇ ತಡ, ವಯಸ್ಸು ಮನುಷ್ಯನನ್ನು ಬಿಗಿಗೊಳಿಸುತ್ತದೆ ಎಂಬ ತೀರ್ಪು ಹೊರಬಿತ್ತು. ಒಂದೇ ದಿನ ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಪಕ್ಕಪಕ್ಕ ನಿಲ್ಲಿಸಿ ಅಳೆದರೆ ಸಿಗುವುದು ಇಬ್ಬರ ಅಂತರ. ಅದು ವಯಸ್ಸಿನದೋ, ಹುಟ್ಟಿ ಬೆಳೆದ ಕಾಲದ್ದೋ ಹೇಳಲಾಗದು ಎಂದು ವಾರ್ನರ್ ಶೈ 1965ರಲ್ಲೇ ಎಚ್ಚರಿಸಿದ್ದ. ತಲೆಮಾರು ಬದಲಾದಂತೆ ಸಮಾಜದ ಮೌಲ್ಯ ಬದಲಾಗುತ್ತದೆ ಎಂದ ರೊನಾಲ್ಡ್ ಇಂಗ್ಲ್‌ಹಾರ್ಟ್ ಕೂಡ ಅದೇ ತಲೆಮಾರುಗಳನ್ನು ವರ್ಷಾನುವರ್ಷ ಹಿಂಬಾಲಿಸಿ ವಾದಿಸಿದವ. ಅವನ ಎಚ್ಚರ ಸ್ಲೈಡುಗಳಿಗೆ ಇಳಿದಿಲ್ಲ.

ಇದೇ ಪುಣೆಯಲ್ಲಿ ಜ್ಞಾನಪ್ರಬೋಧಿನಿ ಸಂಸ್ಥೆ ಹೆಂಗಸರಿಗೆ ಪೌರೋಹಿತ್ಯ ಕಲಿಸುತ್ತದೆ. ಮಕ್ಕಳು ದೊಡ್ಡವರಾದ ಮೇಲೆ ಕಲಿಯಲು ಬಂದವರು ಅನೇಕರು. ಮದುವೆ ಮಾಡಿಸುತ್ತಾರೆ, ಅಂತ್ಯಸಂಸ್ಕಾರವನ್ನೂ ಮಾಡಿಸುತ್ತಾರೆ. ಇವರ ಒಲವು ಸಂಪ್ರದಾಯಕ್ಕೋ, ಸ್ವಾತಂತ್ರ್ಯಕ್ಕೋ? ಶ್ವಾರ್ಟ್ಸ್‌ನ ಚಕ್ರದಲ್ಲಿ ಇವೆರಡೂ ಎದುರುಬದುರಿನ ಅಂಚುಗಳಲ್ಲಿವೆ. ಈ ಹೆಂಗಸರ ಬದುಕಿನಲ್ಲಿ ಒಂದೇ ಮಂಟಪದಲ್ಲಿವೆ.

ಯಾದಗಿರಿ, ಕಲಬುರಗಿ, ವಿಜಯಪುರಗಳಿಂದ ಇಲ್ಲಿನ ಕಟ್ಟಡ ಕೆಲಸಕ್ಕೆ ಬಂದ ಕನ್ನಡದ ಕುಟುಂಬಗಳನ್ನು ಈ ಯಾವ ಪ್ರಶ್ನಾವಳಿಯೂ ತಲುಪಿದಂತಿಲ್ಲ. ಅವರ ಕನ್ನಡಕ್ಕೆ ಹೊಂದುವ ಅಳತೆಗೋಲನ್ನು ನಾವು ಮಾಡಿಲ್ಲ. ಪಿಎಚ್‌ಡಿಗೆ ಸಿಗುವುದು ಮೂರೋ ಐದೋ ವರ್ಷ, ಅದೇ ಜನರನ್ನು ಹಿಂಬಾಲಿಸಿ ಅಳೆಯುವ ಕೆಲಸಕ್ಕೆ ಬೇಕಾದದ್ದು ಇಪ್ಪತ್ತು. ಒಬ್ಬ ವಿದ್ಯಾರ್ಥಿಯ ಕೈಯಿಂದ ಇನ್ನೊಬ್ಬನ ಕೈಗೆ ದಾಟುವ ಒಂದು ದಾಖಲೆ ಪುಸ್ತಕ ವಿಭಾಗದಲ್ಲಿರಬೇಕು. ಅದರಲ್ಲಿ ಹೆಸರಿರುವ ಒಬ್ಬೊಬ್ಬ ತಾಯಿಯನ್ನೂ ಇಪ್ಪತ್ತೈದರಲ್ಲಿ, ಮೂವತ್ತೈದರಲ್ಲಿ, ನಲವತ್ತೈದರಲ್ಲಿ, ಮಗಳ ಓದು ಎಲ್ಲಿಯವರೆಗೆ, ಮದುವೆ ಯಾವಾಗ, ಅದನ್ನು ತೀರ್ಮಾನಿಸುವವರು ಯಾರು ಎಂದು ಅವೇ ಮಾತುಗಳಲ್ಲಿ ಕೇಳಬೇಕು.