ಹಳೇ ವಿಟೆಕ್‌ಗೆ ಆಲ್ಟರ್ನೇಟರ್: ಕೊಳ್ಳುವ ಮುನ್ನ

ಬಿಡಿಭಾಗಗಳು ಹೊರಗಿನ ಗ್ಯಾರೇಜ್‌ಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಆದರೆ 2003ರಲ್ಲಿ ಹೊಸ ಮಾದರಿಗೆ ಜಾಗ ಬಿಟ್ಟ ಹೋಂಡಾ ಸಿಟಿ ವಿಟೆಕ್‌ನಂಥ ಕಾರು ಇಟ್ಟುಕೊಂಡವರಿಗೆ ಪರದಾಟ ತಪ್ಪಿಲ್ಲ. ಶೋರೂಮಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ಅಲ್ಲಿಗೆ ಹೋಗೋ ಮುಂಚೆ ಇಷ್ಟು ಗೊತ್ತಿರಲಿ.

ಮೊದಲ ಪರೀಕ್ಷೆ: ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಆನ್ ಮಾಡಿ ಹೆಡ್‌ಲೈಟ್, ಎಸಿ ಹಾಕಿದಾಗ 13.5ರಿಂದ 14.5. ಕಡಿಮೆ ಬಂದ್ರೆ ಮೊದಲು ಬೆಲ್ಟ್, ಅರ್ತ್ ವೈರ್ ನೋಡಿ. ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ‘ಟೆಸ್ಟ್’ ಮಾಡೋಕೆ ಬಿಡಬೇಡಿ. ವೋಲ್ಟೇಜ್ ಜಿಗಿದು ಇಸಿಯು ಸುಟ್ಟುಹೋಗಬಹುದು.

ಆಂಪಿಯರ್: ಲೇಬಲ್ ಮೇಲಿರೋದು ಗರಿಷ್ಠ ಸಾಮರ್ಥ್ಯ. ಸಿಗ್ನಲ್‌ನಲ್ಲಿ ನಿಂತಾಗ ಅಷ್ಟು ಬರಲ್ಲ, ಹಾಗಾಗಿ ಐಡಲ್‌ನಲ್ಲಿ ಎಷ್ಟು ಅಂತ ಕೇಳಿ. ಹೆಚ್ಚು ಆಂಪಿಯರ್‌ನದು ಹಾಕಿದ್ರೆ ತೊಂದರೆಯಿಲ್ಲ, ಕಾರು ಬೇಕಾದಷ್ಟೇ ಎಳೆದುಕೊಳ್ಳುತ್ತೆ. ಆದರೆ ಚಾರ್ಜಿಂಗ್ ಕೇಬಲ್, ಫ್ಯೂಸ್ ಅದನ್ನು ತಡೆಯುವಂತಿರಬೇಕು.

ಹೊಂದಾಣಿಕೆ: ಪಾರ್ಟ್ ನಂಬರ್, ಪುಲ್ಲಿ ಗಾತ್ರ, ಕನೆಕ್ಟರ್ ಪಿನ್ ಮೂರೂ ಕೂಡಬೇಕು. ಆ ಕಾಲದ ಹಲವು ಹೋಂಡಾಗಳಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಇಸಿಯು ಏರಿಸಿ ಇಳಿಸುತ್ತೆ. ಬೋಲ್ಟ್ ಕೂತರೆ ಸಾಲದು, ರೆಗ್ಯುಲೇಟರ್ ಕೂಡ ಅದೇ ಬಗೆಯದಾಗಿರಬೇಕು.

ಯಾವುದು ವಾಸಿ: ಒರಿಜಿನಲ್ ಹೊಸದು ಸಿಕ್ಕರೆ ಅದೇ. ಇಲ್ಲದಿದ್ದರೆ ನಿಮ್ಮ ಹಳೇದಕ್ಕೇ ಬೇರಿಂಗ್, ಬ್ರಷ್, ಡಯೋಡ್ ಪ್ಲೇಟ್, ರೆಗ್ಯುಲೇಟರ್ ಬದಲಿಸಿ ರೀಬಿಲ್ಡ್ ಮಾಡಿಸಿ. ಹೆಸರಿಲ್ಲದ ಅಗ್ಗದ ಮಾಲಿಗಿಂತ ಅದೇ ಮೇಲು. ಲೋಡ್ ಟೆಸ್ಟ್ ಕಣ್ಣೆದುರೇ ಆಗಲಿ. ಬಿಲ್, ವಾರಂಟಿ ಕೇಳೋದು ನಿಮ್ಮ ಹಕ್ಕು.